ಹಾಸನದ ಲ್ಯಾಬಿನಲ್ಲಿ ಸಿಕ್ಕ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಹಾಸನದ ಲ್ಯಾಬಿನಲ್ಲಿ ರಕ್ತ ಪರೀಕ್ಷೆಗೆ ಕಾಯುವಾಗ ಪಕ್ಕದಲ್ಲಿ ಕೂತಿದ್ದಿರಿ.

ನನ್ನ ತಮ್ಮನ ಸಣ್ಣಕರುಳನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದಿದ್ದಾರೆ. ರಾತ್ರಿಯಿಡೀ ಎದೆಯ ಹತ್ತಿರದ ರಕ್ತನಾಳಕ್ಕೆ ಇಳಿಯುವ ಹಾಲಿನಂಥ ಚೀಲವೇ ಅವನ ಊಟ. ಲಿವರ್ ರಿಪೋರ್ಟ್ ತಿಂಗಳಿಂದ ತಿಂಗಳಿಗೆ ಕೆಡುತ್ತಿತ್ತು. ನೀವು ನನ್ನ ಹತ್ತಿರವಿದ್ದ ಆ ಚೀಲದ ಲೇಬಲ್ಲಿನ ಫೋಟೊ ನೋಡಿ, ‘ತೂಕ ಎಷ್ಟಮ್ಮ?’ ಅಂದಿರಿ. 58 ಕೆಜಿ. ಒಳಗೆ ಹೋಗುತ್ತಿದ್ದದ್ದು ದಿನಕ್ಕೆ 75 ಗ್ರಾಂ ಕೊಬ್ಬು, ಅದೂ ಬರೀ ಸೋಯಾ ಎಣ್ಣೆ. ವರ್ಷಗಟ್ಟಲೆ ಹೀಗೆ ಊಟ ಪಡೆಯುವವರಿಗೆ ಸೋಯಾ ಕೊಬ್ಬು ದಿನಕ್ಕೆ ಕೆಜಿಗೆ 1 ಗ್ರಾಂ ದಾಟಿದರೆ ಲಿವರ್‌ಗೆ ಅಪಾಯ ಜಾಸ್ತಿ ಎಂದು ಬಿಡಿಸಿ ಹೇಳಿದಿರಿ. ಅದರಲ್ಲಿರುವ ಫೈಟೋಸ್ಟೆರಾಲ್ ಎಂಬ ಗಿಡಮೂಲದ ಕೊಬ್ಬಿನಂಥ ಅಂಶ ಪಿತ್ತದ ಹರಿವಿಗೆ ಅಡ್ಡ ಬರಬಹುದು ಅಂತಲೂ. ‘ನೀವೇ ಕಡಿಮೆ ಮಾಡಬೇಡಿ, ಡಾಕ್ಟರನ್ನು ಕೇಳಿ’ ಎಂದು ಬಿಲ್ಲಿನ ಹಿಂದೆ ಪ್ರಶ್ನೆ ಬರೆದುಕೊಟ್ಟಿರಿ.

ಡಾಕ್ಟರ್ ಓದಿ ಕೊಬ್ಬು ಇಳಿಸಿದರು. ಆಲಿವ್ ಎಣ್ಣೆ, ಮೀನೆಣ್ಣೆ ಬೆರೆತ ಚೀಲ ಬರೆದರು. ನಮ್ಮದು ಮೀನು ತಿನ್ನದ ಮನೆ. ಅಮ್ಮ ಒಂದು ಮಾತೂ ಆಡಲಿಲ್ಲ.

ಮೂರು ತಿಂಗಳಾಯ್ತು. ಕಾಮಾಲೆಯ ಹಳದಿ ತರುವ ಬಿಲಿರುಬಿನ್ ಇಳಿದಿದೆ, ಕಣ್ಣಿನ ಹಳದಿ ಹೋಗಿದೆ. ಹಾಸನಾಂಬೆಯ ಬಾಗಿಲು ತೆಗೆದಾಗ ನಿಮಗಾಗಿ ಹಣ್ಣುಕಾಯಿ ಮಾಡಿಸಬೇಕು. ಹೆಸರು ಹೇಳ್ತೀರಾ ಅಕ್ಕಾ?