ಎಲ್ಲರಿಗೂ ವಂದನೆ, ಖಜಾಂಚಿ ಅಕ್ಕನಿಗೆ ಸ್ವಲ್ಪ ಜಾಸ್ತಿ

ಪುಣೆಯ ನಮ್ಮ ಕನ್ನಡ ಸಭೆಯ ಅಕ್ಕತಂಗಿಯರಿಗೆ, ಮತ್ತು ಈ ಊರಿನ ಬೇರೆ ಸಭೆಗಳಲ್ಲಿ ಸ್ತ್ರೀಯರ ಸಂಘ ನಡೆಸುತ್ತಿರುವ ನನ್ನ ಗೆಳತಿಯರಿಗೆ,

ಮೊದಲೇ ಹೇಳಿಬಿಡುತ್ತೇನೆ. ಈ ಬರಹದಲ್ಲಿ ಎಲ್ಲರಿಗೂ ಒಂದೇ ಅಳತೆಯ ಥ್ಯಾಂಕ್ಸ್ ಸಿಗುವುದಿಲ್ಲ. ಒಬ್ಬರಿಗೆ ಪುಟಗಟ್ಟಲೆ, ಉಳಿದವರಿಗೆ ಒಂದೊಂದು ಮಾತು. ಬೇಜಾರು ಮಾಡ್ಕೋಬೇಡಿ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ತೆಗೆದು ನೋಡಿ, ಪೌಲನೂ ಹಾಗೇ ಮಾಡಿದ್ದಾನೆ. ಕೆಂಕ್ರೆಯ ಸಭೆಯ ಫೊಯಿಬೆಗೆ ಎರಡು ಪೂರ್ತಿ ವಚನ. ಪ್ರಿಸ್ಕ, ಅಕ್ವಿಲರಿಗೆ ಅದಕ್ಕಿಂತ ಜಾಸ್ತಿ, ಯಾಕಂದರೆ ಅವರು ಅವನಿಗೋಸ್ಕರ ಪ್ರಾಣವನ್ನೇ ಒಡ್ಡಿದ್ದರು. ತ್ರುಫೈನ, ತ್ರುಫೋಸ ಇಬ್ಬರಿಗೂ ಸೇರಿ ಅರ್ಧ ವಚನ. ರೂಫನ ತಾಯಿಯ ಹೆಸರನ್ನಂತೂ ಬರೆದೇ ಇಲ್ಲ, ಆದರೆ ಆಕೆ ನನಗೂ ತಾಯಿ ಅಂದಿದ್ದಾನೆ. ಅಪೊಸ್ತಲನೇ ಸಮವಾಗಿ ಹಂಚಲಿಲ್ಲ, ಇನ್ನು ನಾನು ಹಂಚುತ್ತೇನಾ?

ನಮ್ಮ ಮನೆಯಲ್ಲಿ ಏನಾಯಿತು ಅನ್ನುವುದು ನಿಮಗೆಲ್ಲ ಗೊತ್ತು. ರಿಪೋರ್ಟುಗಳ ಕಥೆ ಮತ್ತೆ ಬೇಡ. ಐಸಿಯುವರೆಗೆ ಹೋಗಿದ್ದ ನಮ್ಮವರು ಈಗ ಮನೆಯಲ್ಲಿದ್ದಾರೆ. ಸಂಜೆ ಸೊಸೈಟಿ ಒಳಗೇ ನಡೆದಾಡುತ್ತಾರೆ. ಚಹಾಕ್ಕೆ ಸಕ್ಕರೆ ಕಮ್ಮಿ ಅಂತ ಜಗಳ ತೆಗೆಯುವಷ್ಟು ಚೇತರಿಸಿಕೊಂಡಿದ್ದಾರೆ. ದೇವರಿಗೆ ಸ್ತೋತ್ರ.

ಈಗ ಒಂದೊಂದು ಮಾತಿನವರು. ರಕ್ತ ಬೇಕು ಅಂದಾಗ ಆ ಮಳೆಯಲ್ಲಿ ಪಿಂಪ್ರಿಯಿಂದ ಬೈಕ್ ಹತ್ತಿ ಬಂದ ಯುವಕರ ಸಂಘದ ಹುಡುಗರು, ನಮ್ಮ ಮಗಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಜಡೆ ಹಾಕಿ ಶಾಲೆಗೆ ಕಳಿಸಿದ ಖಡಕಿಯ ಆಂಟಿ, ಹೇಳದೆ ಕೇಳದೆ ದಿನಾ ಭಾಕರಿ, ಪಿಠಲಾ ಕಳಿಸಿದ ಮರಾಠಿ ಸಭೆಯ ಹೆಂಗಸರು (ನಮ್ಮ ಆರಾಧನೆ ಐದು ನಿಮಿಷ ತಡವಾದರೆ ಬಾಗಿಲಲ್ಲಿ ಗಡಿಯಾರ ನೋಡುತ್ತ ನಿಲ್ಲುವವರೂ ಇವರೇ, ಆದರೂ ಇನ್ನು ಮೇಲೆ ನಾನು ಏನೂ ಅನ್ನಲ್ಲ), ಬಂದು ಚಿಕ್ಕದಾಗಿ ಪ್ರಾರ್ಥನೆ ಮಾಡಿ ಚಿಕ್ಕದಾಗಿಯೇ ಮುಗಿಸಿ ಹೋದ ಅಯ್ಯನವರು, ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಹೊತ್ತು ತಂದ ನಮ್ಮ ಅತ್ತಿಗೆ, ನಿಮಗೆಲ್ಲ ಮನಸಾರೆ ವಂದನೆ. ನೀವು ಮಾಡಿದ್ದು ಸಣ್ಣದಲ್ಲ. ಒಂದೊಂದಕ್ಕೂ ಒಂದೊಂದು ಪುಟ ಬರೆಯಬಹುದಿತ್ತು, ಆದರೆ ಹೇಳಿದೆನಲ್ಲ, ಪುಟ ಇನ್ನೊಬ್ಬರಿಗೆ ಮೀಸಲು.

ಅದಕ್ಕೆ ಮುಂಚೆ, ಸಂಘ ನಡೆಸುವ ನಮ್ಮ ಬಗ್ಗೆ ಒಂದೆರಡು ಮಾತು. ಯಾರ ಮನೆಯಲ್ಲಿ ಹೆರಿಗೆ, ಯಾರ ಗಂಡನಿಗೆ ಕೆಲಸ ಹೋಯ್ತು, ಯಾವ ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ, ಎಲ್ಲ ಮೊದಲು ನಮ್ಮ ಫೋನಿಗೇ ಬರುತ್ತೆ. ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಯಾರ್ಯಾರಿಗೆ ಪ್ರಾರ್ಥನೆ ಬೇಕು ಅಂತ ಕೇಳುವವರು ನಾವು, ಡೈರಿಯಲ್ಲಿ ಬರೆದುಕೊಳ್ಳುವವರೂ ನಾವು. ಆ ಡೈರಿಯಲ್ಲಿ ನಮ್ಮ ಹೆಸರು ಬರುವುದಿಲ್ಲ, ಪೆನ್ನು ನಮ್ಮ ಕೈಯಲ್ಲೇ ಇರುತ್ತಲ್ಲ. ಬೇರೆ ಸಭೆಗಳ ನಾಯಕಿಯರನ್ನು ನೋಡಿದರೂ ಇದೇ ಕಥೆ. "ಹೇಗಿದ್ದೀರಿ ಅಕ್ಕಾ" ಅಂತ ಕೇಳಿದರೆ "ಸಂಘ ಚೆನ್ನಾಗಿ ನಡೀತಿದೆ" ಅನ್ನುತ್ತಾರೆ. ಕೇಳಿದ್ದು ಸಂಘವನ್ನಲ್ಲ ಅಲ್ವಾ?

ಹಾಗಾಗಿ ನಮಗೆ ಏನಾದರೂ ಆದಾಗ ಜನಕ್ಕೂ ಏನು ಹೇಳಬೇಕು ಅಂತ ತೋಚುವುದಿಲ್ಲ. "ಎಲ್ಲರಿಗೂ ಧೈರ್ಯ ಹೇಳೋರು ನೀವು, ನೀವೇ ಅತ್ತರೆ ಹೇಗೆ" ಅಂತ ಕೆಲವರು ಫೋನ್ ಮಾಡಿದರು. ಇನ್ನು ಕೆಲವರು, ಮನೆಯಲ್ಲಿ ಯಾವುದಾದರೂ ಪಾಪ ಒಪ್ಪಿಕೊಳ್ಳದೆ ಉಳಿದಿದೆಯಾ ಅಂತ ಮೆಲ್ಲಗೆ ಕೇಳಿದರು. ಪ್ರೀತಿಯಿಂದಲೇ ಕೇಳಿದರು ಅಂದುಕೊಳ್ಳೋಣ. ಯೋಬನ ಗೆಳೆಯರೂ ಪ್ರೀತಿಯಿಂದಲೇ ಬಂದಿದ್ದರು. ಏಳು ಹಗಲು, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿದ್ದರು. ಅಲ್ಲಿಯವರೆಗೆ ಅವರಷ್ಟು ಒಳ್ಳೆಯ ಗೆಳೆಯರು ಇನ್ನೊಬ್ಬರಿಲ್ಲ. ಆಮೇಲೆ ಬಾಯಿ ತೆರೆದದ್ದೇ ತೊಂದರೆಯಾಯಿತು.

ಈಗ ಅಕ್ಕನ ವಿಷಯ.

ನಮ್ಮ ಸಂಘದ ಖಜಾಂಚಿ. ಕಲಬುರ್ಗಿ ಕಡೆಯವರು, ಮದುವೆಯಾಗಿ ಪುಣೆಗೆ ಬಂದವರು, ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಹೆಸರು ಹಾಕಕೂಡದು ಅಂತ ಕಟ್ಟಪ್ಪಣೆ ಆಗಿದೆ, ಅದಕ್ಕೆ ಬರೀ ಅಕ್ಕ. ಸಂಘದಲ್ಲಿ ಎಲ್ಲರಿಗೂ ಅವರನ್ನು ಕಂಡರೆ ಒಂಚೂರು ಹೆದರಿಕೆ. ಬಿಲ್ ಇಲ್ಲದೆ ಚಹಾದ ದುಡ್ಡೂ ಬಿಡುವುದಿಲ್ಲ. ಮಿಜೋರಂನ ಸಭೆಗಳ ಹೆಂಗಸರು 1910ರಿಂದ ಅಡುಗೆಗೆ ಮುಂಚೆ ಒಂದು ಹಿಡಿ ಅಕ್ಕಿ ತೆಗೆದಿಟ್ಟು, ಅದನ್ನು ಮಾರಿ ಸೇವೆಗೆ ಕೊಡುತ್ತ ಬಂದಿದ್ದಾರೆ ಅಂತ ಯಾರೋ ಒಮ್ಮೆ ಸಂದೇಶದಲ್ಲಿ ಹೇಳಿದರು. ಮುಂದಿನ ವಾರವೇ ಅಕ್ಕ ನಮಗೆಲ್ಲ ಒಂದೊಂದು ಡಬ್ಬಿ ಹಂಚಿ, ತಿಂಗಳ ಕೊನೆಗೆ ತೂಕದ ಯಂತ್ರ ತಂದು ಕೂತರು. ನಾನು ಅಧ್ಯಕ್ಷೆ. ಪ್ರತಿ ತಿಂಗಳೂ ಲೆಕ್ಕದ ಪುಸ್ತಕ ತೆರೆದರೆ ನಮ್ಮಿಬ್ಬರಿಗೂ ಒಂದು ಸುತ್ತು ಮಾತು ಆಗಲೇಬೇಕು. ಕಷ್ಟದ ರಾತ್ರಿ ನಿನ್ನ ಪಕ್ಕ ಯಾರಿರುತ್ತಾರೆ ಅಂತ ಯಾರಾದರೂ ಕೇಳಿದ್ದರೆ, ಎಷ್ಟೋ ಹೆಸರು ಹೇಳಿದ ಮೇಲೆ ಅಕ್ಕನ ಹೆಸರು ಬರುತ್ತಿತ್ತೇನೋ.

ಆ ರಾತ್ರಿ ಡಾಕ್ಟರು ಬಂದು, ಬೆಳಗಿನವರೆಗೆ ನೋಡೋಣ, ಈಗ ಏನೂ ಹೇಳೋಕಾಗಲ್ಲ ಅಂದು ಹೋದರು. ಬಂದವರೆಲ್ಲ ಕೊನೆಯ ಬಸ್ಸು, ಕೊನೆಯ ರಿಕ್ಷಾ ಅಂತ ಹೊರಟಿದ್ದರು. ಹೋಗಲೇಬೇಕಲ್ಲ, ಎಲ್ಲರಿಗೂ ಮನೆ ಮಕ್ಕಳು. ನಾನು ಐಸಿಯು ಬಾಗಿಲಿನ ಮುಂದೆ ನಿಂತೇ ಇದ್ದೆ. ಕೂತರೆ ಏನೋ ಆಗಿಬಿಡುತ್ತೆ ಅನ್ನುವ ಹುಚ್ಚು. ಅಕ್ಕ ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬಂದರು. "ಮೊದ್ಲ ಕೂಡು" ಅಂದರು. ಪ್ರಾರ್ಥನೆ ಮಾಡಬೇಕು ಅಕ್ಕಾ ಅಂದೆ. "ಅದು ನಾ ಮಾಡ್ತೀನಿ. ನೀ ಕೂಡು."

ವಿಮೋಚನಕಾಂಡದಲ್ಲಿ ಅಮಾಲೇಕ್ಯರ ಯುದ್ಧದ ಕಥೆಯನ್ನು ನಾನು ಎಷ್ಟೋ ಸಲ ಸಂಘದಲ್ಲಿ ಹೇಳಿದ್ದೇನೆ. ಮೋಶೆ ಕೈ ಎತ್ತಿರುವಷ್ಟು ಹೊತ್ತು ಇಸ್ರಾಯೇಲ್ಯರು ಗೆಲ್ಲುತ್ತಿದ್ದರು, ಆ ಕೈ ಸೋತಾಗ ಆರೋನ, ಹೂರ ಎರಡೂ ಕಡೆ ನಿಂತು ಎತ್ತಿ ಹಿಡಿದರು ಅಂತ. ಆದರೆ 17ನೇ ಅಧ್ಯಾಯ ಸರಿಯಾಗಿ ಓದಿದರೆ, ಅವರು ಕೈ ಹಿಡಿಯುವ ಮುಂಚೆ ಒಂದು ಕಲ್ಲು ತಂದು ಇಟ್ಟು ಅವನನ್ನು ಅದರ ಮೇಲೆ ಕೂರಿಸಿದರು. ಈಗ ಆ ಕಥೆ ಹೇಳಬೇಕಾದರೆ ನನಗೆ ಆ ಕಲ್ಲೇ ಮೊದಲು ಕಾಣುತ್ತೆ.

ಮೂರು ಗಂಟೆ ಹೊತ್ತಿಗೆ ನನಗೆ ಸಿಟ್ಟು ಬಂತು. ದುಃಖ ಅಲ್ಲ, ಸಿಟ್ಟು. ಇವಳ ಮನೆ ಅವಳ ಮನೆ ಅಂತ ಓಡಾಡಿದೆ, ಎಲ್ಲರ ಹಾಸಿಗೆ ಪಕ್ಕ ನಿಂತು ನಿನ್ನ ಹೆಸರು ಹೇಳಿದೆ, ನನ್ನ ಸರದಿ ಬಂದಾಗ ಎಲ್ಲಿ ಹೋದೆ ನೀನು ಅಂತ ದೇವರನ್ನು ಕೇಳಿದೆ. ಮನಸ್ಸಿನಲ್ಲಲ್ಲ, ಜೋರಾಗಿ. ವಾಚ್‌ಮನ್ ತಿರುಗಿ ನೋಡಿದ. ಇವರು ಹೋಗಿಬಿಟ್ಟರೆ ಇನ್ನು ಯಾವ ಬಾಯಲ್ಲಿ ಆ ಹೆಂಗಸರ ಮುಂದೆ ನಿಂತು ದೇವರು ಒಳ್ಳೆಯವನು ಅನ್ನಲಿ, ಅನ್ನಲ್ಲ, ನನ್ನ ಕೈಲಾಗಲ್ಲ, ಸಂಘಾನೂ ಬೇಡ ಏನೂ ಬೇಡ ಅಂತ ಅತ್ತುಬಿಟ್ಟೆ.

ಅಕ್ಕ ನನ್ನ ಬಾಯಿ ಮುಚ್ಚಿಸಲಿಲ್ಲ. ಹಾಗೆಲ್ಲ ಅನ್ನಬಾರದು ಅನ್ನಲಿಲ್ಲ. ಎಲ್ಲ ಒಳ್ಳೆಯದಕ್ಕೇ ಅನ್ನಲೂ ಇಲ್ಲ. ಕನ್ನಡಕ ಹಾಕಿಕೊಂಡು ಫೋನಿನಲ್ಲಿ 88ನೇ ಕೀರ್ತನೆ ತೆಗೆದು, ರೈಲಿನಲ್ಲಿ ಪಕ್ಕದವರಿಗೆ ಕೇಳುವಷ್ಟು ಸಣ್ಣ ದನಿಯಲ್ಲಿ ಓದಿದರು. ಆ ಕೀರ್ತನೆ ನಿಮಗೆ ಗೊತ್ತಿರಬಹುದು. ಬೇರೆ ಗೋಳಿನ ಕೀರ್ತನೆಗಳು ಕೊನೆಗಾದರೂ ಸ್ತೋತ್ರಕ್ಕೆ ತಿರುಗುತ್ತವೆ, ಇದು ತಿರುಗುವುದಿಲ್ಲ. ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ನಿಲ್ಲುತ್ತೆ. ನಾವು ಸಂಘದಲ್ಲಿ ಅದನ್ನು ಓದುವುದೇ ಇಲ್ಲ. ಓದಿ ಮುಗಿಸಿ ಅಕ್ಕ ಅಂದರು, "ಇದೂ ಬೈಬಲ್‌ನಾಗ ಅದ. ಯಾರೂ ಹರದು ಹಾಕಿಲ್ಲ. ನೀ ಅಳು."

ಅತ್ತೆ. ಆಮೇಲೆ ನಿದ್ದೆಯೂ ಬಂತು ಅನಿಸುತ್ತೆ, ಕುರ್ಚಿಯಲ್ಲೇ. ಎಚ್ಚರವಾದಾಗ ಅಕ್ಕ ಸಂಘದ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ನಮ್ಮ ಮೆಡಿಕಲ್ ಬಿಲ್ಲುಗಳನ್ನೆಲ್ಲ ತಾರೀಖಿನ ಪ್ರಕಾರ ಬರೆದು, ಅಡ್ವಾನ್ಸ್ ಎಷ್ಟು, ಔಷಧಿ ಎಷ್ಟು, ರಕ್ತ ಕೊಟ್ಟವರು ಯಾರು, ಎಲ್ಲ ಜೋಡಿಸಿ ಪಿನ್ ಹಾಕುತ್ತಿದ್ದರು. ಇನ್ಶೂರೆನ್ಸ್‌ನವರು ಕೇಳಿದಾಗ ನೀನು ಹುಡುಕಲ್ಲ, ನನಗೆ ಗೊತ್ತು ಅಂದರು. ನಿಜ, ನಾನು ಹುಡುಕುತ್ತಿರಲಿಲ್ಲ. ಮುಂದೆ ಕ್ಲೇಮ್ ಒಂದೂ ತಕರಾರಿಲ್ಲದೆ ಪಾಸಾಯಿತು ಅಂದರೆ ಅದು ಆ ಹಾಳೆಗಳಿಂದ. ಬೆಳಕು ಹರಿದ ಮೇಲೆ ಡಾಕ್ಟರು ಬಂದು ಹೇಳಿದ್ದನ್ನು ನಿಮಗೆಲ್ಲ ಅವತ್ತೇ ತಿಳಿಸಿದ್ದೇನೆ. ಅಕ್ಕ ಅದನ್ನು ಕೇಳಿ, ಮಂಡಿ ಹಿಡಿದುಕೊಂಡು ಎದ್ದು, ಮನೆಗೆ ಹೋಗಿ ಸ್ನಾನ ಮಾಡಿ, ರಾತ್ರಿ ಮತ್ತೆ ಬಂದರು. ಅವತ್ತೂ ಕುರ್ಚಿ ಎಳೆದರು.

ಇದಾದ ಮೇಲೆ ನಾವಿಬ್ಬರೂ ಪ್ರಾಣ ಸ್ನೇಹಿತೆಯರಾದೆವು ಅಂತ ತಿಳಿಯಬೇಡಿ. ಹೋದ ತಿಂಗಳೂ ಕರ್ಟನ್ ಬಟ್ಟೆಯ ಬಿಲ್ಲಿಗೆ ಜಗಳ ಆಗಿದೆ.

ಮಾರ್ಚ್ 6ರ ವಿಶ್ವ ಪ್ರಾರ್ಥನಾ ದಿನಕ್ಕೆ ನಾನು ಏನೂ ಮಾಡಿರಲಿಲ್ಲ. ಪ್ರತಿ ವರ್ಷ ಜನವರಿಯಿಂದಲೇ ಓಡಾಟ ಶುರು ಮಾಡುವವಳು ನಾನೇ, ಗೊತ್ತಲ್ಲ. ಯಾವ ದೇಶದ ಹೆಂಗಸರು ಈ ಸಲದ ಆರಾಧನೆ ಬರೆದಿದ್ದಾರೆ ಅಂತ ನೋಡಿ, ಕನ್ನಡಕ್ಕೆ ತಿರುಗಿಸಿ, ಮರಾಠಿಯವರು, ಇಂಗ್ಲಿಷ್‌ನವರು ಎಲ್ಲರ ಪಾಲನ್ನೂ ಕೂಡಿಸಬೇಕು. ಈ ವರ್ಷ ನೈಜೀರಿಯಾದ ಸಹೋದರಿಯರ ಸರದಿ. ನೀವು ನನಗೆ ಒಂದು ಫೋನೂ ಮಾಡದೆ ಎಲ್ಲ ಮುಗಿಸಿದಿರಿ. ನಾನು ಹಿಂದಿನ ಬೆಂಚಿನಲ್ಲಿ ಬರೀ ಬಂದವಳಾಗಿ ಕೂತೆ. ನಮ್ಮ ಹುಡುಗಿಯರು, ಪುಣೆಯಲ್ಲೇ ಹುಟ್ಟಿ ಕನ್ನಡ ಅಕ್ಷರ ಕಲಿಯದವರು, ಕನ್ನಡದ ಪಾಠವನ್ನು ದೇವನಾಗರಿಯಲ್ಲಿ ಬರೆದುಕೊಂಡು ಬಂದು ಓದಿದರು. "ಕಷ್ಟಪಡುವವರೇ, ಹೊರೆ ಹೊತ್ತವರೇ, ನನ್ನ ಬಳಿಗೆ ಬನ್ನಿರಿ" ಅನ್ನುವ ಮಾತು ಬಂದಾಗ ಉಚ್ಚಾರ ಸ್ವಲ್ಪ ಮರಾಠಿ ಕಡೆ ವಾಲಿತ್ತು, ಆದರೂ ನನಗೆ ಪೂರ್ತಿ ಕೇಳಿಸಿತು. ಮೇರಿ ಜೇಮ್ಸ್ ಅನ್ನುವ ಹೆಂಗಸು 1887ರಲ್ಲಿ ಅಮೆರಿಕದಲ್ಲಿ ಹೆಂಗಸರಿಗೆ ಒಂದು ಪ್ರಾರ್ಥನೆಯ ದಿನ ಬೇಕು ಅಂತ ಕರೆ ಕೊಟ್ಟಾಗ, ಅದು ಖಡಕಿಯ ಹುಡುಗಿಯರ ಬಾಯಿವರೆಗೆ ಬರುತ್ತೆ ಅಂತ ಆಕೆಗೆ ಗೊತ್ತಿತ್ತಾ! ಆ ದಿನ ನಡೆಸಿದ ಎಲ್ಲರಿಗೂ ವಂದನೆ. ನನ್ನನ್ನು ಸ್ಟೇಜಿಗೆ ಕರೆಯದೆ ಬಿಟ್ಟಿದ್ದಕ್ಕೆ ವಿಶೇಷ ವಂದನೆ.

ಅದಾದ ಮೇಲೆ ಒಂದು ಶನಿವಾರ ಅಕ್ಕ, ನಾನು, ಇನ್ನೂ ಕೆಲವರು ದೌಂಡ್ ಕಡೆಯ ರೈಲು ಹತ್ತಿ ಕೇಡಗಾಂವ್‌ಗೆ ಹೋಗಿ ಬಂದೆವು. ಪಂಡಿತಾ ರಮಾಬಾಯಿಯ ಮುಕ್ತಿ ಮಿಷನ್ ಇರುವ ಊರು. 1858ರಲ್ಲಿ ನಮ್ಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಮಗು, ಕನ್ನಡವನ್ನೂ ಬಲ್ಲವಳು, ಎಲ್ಲಿಂದ ಎಲ್ಲಿಗೆ ಬಂದಳು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಅನ್ನುವ ಶಾಲೆ, ಆಮೇಲೆ ಅದು ಪುಣೆಗೆ, ಬರಗಾಲ ಬಂದಾಗ ಅನಾಥ ಹುಡುಗಿಯರನ್ನು ಕರೆತಂದು ಕೇಡಗಾಂವ್‌ನಲ್ಲಿ ಮುಕ್ತಿ. ಇದನ್ನೆಲ್ಲ ನಾವು ಮಹಿಳಾ ಭಾನುವಾರದಲ್ಲಿ ಹೇಳುತ್ತೇವೆ, ಚಪ್ಪಾಳೆಯೂ ಬೀಳುತ್ತೆ. ಆದರೆ ಈ ಸಲ ನನ್ನ ಮನಸ್ಸು ನಿಂತಿದ್ದು 1921ರಲ್ಲಿ. ತನ್ನ ನಂತರ ಎಲ್ಲ ನೋಡಿಕೊಳ್ಳುತ್ತಾಳೆ ಅಂದುಕೊಂಡಿದ್ದ ಒಬ್ಬಳೇ ಮಗಳು ಮನೋರಮಾ ಆ ವರ್ಷ ತೀರಿಕೊಂಡಳು. ಮುಂದಿನ ಏಪ್ರಿಲ್‌ನಲ್ಲಿ ತಾಯಿಯೂ ಹೋದರು. ಅಷ್ಟು ಜನಕ್ಕೆ ತಾಯಿಯಾದವಳ ಪಕ್ಕ ಆ ದಿನಗಳಲ್ಲಿ ಯಾರು ಕೂತಿದ್ದಿರಬಹುದು ಅಕ್ಕಾ ಅಂತ ಸ್ಟೇಷನ್ನಿನಲ್ಲಿ ಕೇಳಿದೆ. ಅಕ್ಕ ಟಿಕೆಟ್ ಎಣಿಸುತ್ತಿದ್ದರು. "ಯಾರರ ಇದ್ದೇ ಇರ್ತಾರ ತಂಗಿ. ಹೆಸರ ಬರ್ಯಾಂಗಿಲ್ಲ ಅಷ್ಟ" ಅಂದು, ಒಂದು ಟಿಕೆಟ್ ಕಮ್ಮಿ ಇದೆ, ಯಾರ ಹತ್ತಿರ ಇದೆ ಅಂತ ಎಲ್ಲರನ್ನೂ ಗದರಿದರು.

ಈಗ ನಾಯಕಿ ಗೆಳತಿಯರಿಗೆ ಒಂದು ವಿಷಯ. ಕ್ಯಾಂಪಿನಲ್ಲಿ ಒಬ್ಬರ ಮನೆಯಲ್ಲಿ ತಿಂಗಳಿಗೊಮ್ಮೆ ಸೇರೋಣ ಅಂತ ಮಾತಾಗಿದೆ. ಸಂಘ ನಡೆಸುವವರು ಮಾತ್ರ, ಯಾವ ಸಭೆಯಾದರೂ ಸರಿ, ಕನ್ನಡ, ಮರಾಠಿ, ತಮಿಳು ಯಾರಾದರೂ. ಅಲ್ಲಿ ಯಾರೂ ಸಂದೇಶ ಕೊಡಬೇಕಾಗಿಲ್ಲ, ಹಾಡು ಹೇಳಿಕೊಡಬೇಕಾಗಿಲ್ಲ. ಮಿನಿಟ್ಸ್ ಇಲ್ಲ, ಕಾಣಿಕೆ ಇಲ್ಲ, ಲೆಕ್ಕ ಇಲ್ಲ. ಈ ನಿಯಮ ಮಾಡಿದವರು ನಮ್ಮ ಖಜಾಂಚಿಯೇ ಅಂದರೆ ನೀವು ನಂಬಲ್ಲ. ಡೈರಿ ಮಾತ್ರ ಇರುತ್ತೆ, ಅದರಲ್ಲಿ ನಿಮ್ಮ ಹೆಸರನ್ನು ನಿಮ್ಮ ಪಕ್ಕದವರು ಬರೆಯುತ್ತಾರೆ. ಅಳು ಬಂದರೆ ಅಳಬಹುದು. "ಸಂಘ ಚೆನ್ನಾಗಿ ನಡೀತಿದೆ" ಅಂದವರಿಗೆ ಚಹಾ ಇಲ್ಲ.

ಇನ್ನೊಂದು. ಆಸ್ಪತ್ರೆಗೆ, ಮನೆಗೆ ಊಟ ಕಳಿಸಿದವರ ಸ್ಟೀಲ್ ಡಬ್ಬಿಗಳು ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಸಾಲಾಗಿ ಕೂತಿವೆ. ಕೆಲವಕ್ಕೆ ಹೆಸರು ಕೆತ್ತಿಸಿದೆ, ಕೆಲವಕ್ಕೆ ನೈಲ್ ಪಾಲಿಶ್ ಚುಕ್ಕೆ, ಕೆಲವಕ್ಕೆ ಗುರುತೇ ಇಲ್ಲ. ಶುಕ್ರವಾರ ಪ್ರಾರ್ಥನೆಗೆ ಎಲ್ಲವನ್ನೂ ತರುತ್ತೇನೆ, ನೋಡಿ ತೆಗೆದುಕೊಂಡು ಹೋಗಿ. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಎಲ್ಲದರಲ್ಲೂ ಶೇಂಗಾ ಹೋಳಿಗೆ ಹಾಕಿಟ್ಟಿರುತ್ತೇನೆ. ಎಷ್ಟು ಹೋಳಿಗೆ, ಯಾರಿಗೆ ಎಷ್ಟು ಅಂತ ಅಕ್ಕ ಆಗಲೇ ಕೇಳಿಯಾಗಿದೆ.