ಲೋಡ್ ಆಗುವ ಮೊದಲೇ ಹೇಳಿಬಿಡಿ: ಹಾಸನ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಹಾಸನದಲ್ಲಿ ಲಾರಿ ಬುಕಿಂಗ್ ಮಾಡಿಸುವ ಕೆಲಸ ನನ್ನದು. ಇಲ್ಲಿಂದ ಕಾಫಿ, ಆಲೂಗಡ್ಡೆ, ಶುಂಠಿ ಮಂಗಳೂರು ಕಡೆಗೆ ಹೋಗುತ್ತವೆ. ವಾಪಸ್ ಬರುವಾಗ ಗೊಬ್ಬರವೋ ಇನ್ನೊಂದೋ ಸಿಕ್ಕರೆ ಬಾಡಿಗೆ ಗಿಟ್ಟುತ್ತದೆ.

ಮಳೆಗಾಲ ಶುರುವಾಯಿತೆಂದರೆ ನಮ್ಮ ಕಣ್ಣೆಲ್ಲ ಮಂಗಳೂರಿಗೆ ಇಳಿಯುವ ಶಿರಾಡಿ ಘಾಟಿ ಮೇಲೆ. 2024ರ ಜುಲೈನಲ್ಲಿ ದೊಡ್ಡತಪ್ಪಲಿನ ಹತ್ತಿರ ಗುಡ್ಡ ಕುಸಿದದ್ದು ನಿಮಗೂ ಗೊತ್ತು. ಅಂಥ ಹೊತ್ತಲ್ಲಿ ರಸ್ತೆ ಮುಚ್ಚಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಮುಚ್ಚಿದ ಸುದ್ದಿ ಡ್ರೈವರ್‌ಗೆ ಸಿಗುವುದು ಬ್ಯಾರಿಕೇಡ್ ಮುಂದೆ. ತಕರಾರು ಇರುವುದು ಇಲ್ಲಿ.

ಆಮೇಲೆ ಏನಾಗುತ್ತದೆ ನೋಡಿ. ಬದಲಿ ದಾರಿ ಅಂದರೆ ಚಾರ್ಮಾಡಿ, ಸಂಪಾಜೆ ಘಾಟಿಗಳು. ಚಾರ್ಮಾಡಿಯಲ್ಲಿ ಭಾರೀ ಗಾಡಿ ಬಿಡುವುದಿಲ್ಲ. ಸಂಪಾಜೆಗೂ ಮಳೆಗಾಲದಲ್ಲಿ ನಿರ್ಬಂಧ ಬೀಳುತ್ತದೆ. ಹಿಂದಕ್ಕೆ ತಿರುಗಿಸೋಣವೆಂದರೆ ಹಿಂದೆ ಸಾಲುಗಟ್ಟಿ ಲಾರಿಗಳು. ಆಗಸ್ಟ್‌ನಲ್ಲಿ ಕಿತ್ತ ಆಲೂಗಡ್ಡೆಯಲ್ಲಿ ಮೊದಲೇ ಹಸಿ ಜಾಸ್ತಿ. ಟಾರ್ಪಾಲ್ ಬಿಗಿದು ಒಂದು ರಾತ್ರಿ ನಿಲ್ಲಿಸಿದರೆ ಒಳಗೆ ಕಾವು ಏಳುತ್ತದೆ. ಮಳೆ ಒಂದಿಷ್ಟು ಬಿಟ್ಟ ಕೂಡಲೇ ಕ್ಲೀನರ್ ಹುಡುಗ ಮೇಲೆ ಹತ್ತಿ ಒಂದು ಮೂಲೆ ಎತ್ತಿ ಗಾಳಿಯಾಡಿಸುತ್ತಾನೆ. ಹನಿ ಬಿದ್ದರೆ ಮತ್ತೆ ಎಳೆದು ಕಟ್ಟುತ್ತಾನೆ. ಚೀಲಕ್ಕೆ ಕೈ ಇಟ್ಟರೆ ಬಿಸಿ ತಾಗುತ್ತದೆ. ತಳದ ಚೀಲಗಳಿಂದ ನೀರು ಇಳಿಯಲು ಶುರುವಾದರೆ ಆ ಲೋಡಿಗೆ ಬೆಲೆ ಹೋಯಿತು ಅಂತಲೇ ಲೆಕ್ಕ.

ಕಾಫಿಯದು ಬೇರೆ ಕಥೆ. ಬಂದರಿನಲ್ಲಿ ಹಡಗಿಗೆ ಸರಕು ತಲುಪಿಸಲು ಗಡುವು ಇರುತ್ತದೆ. ತಪ್ಪಿದರೆ ಮುಂದಿನ ಹಡಗು ಕಾಯಬೇಕು. ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ದಾಖಲೆ ಇ-ವೇ ಬಿಲ್ ಬೇರೆ, ಅದರ ಅವಧಿ 200 ಕಿ.ಮೀ.ಗೆ ಒಂದೇ ದಿನ. ಹಾಸನ-ಮಂಗಳೂರು ಅದಕ್ಕಿಂತ ಕಡಿಮೆ, ಹಾಗಾಗಿ ಸಿಗುವುದು ಒಂದೇ ದಿನ. ಅವಧಿ ಮುಗಿಯುವ ಮುಂಚಿನ 8 ಗಂಟೆಯಲ್ಲಿ ಅಥವಾ ಮುಗಿದ 8 ಗಂಟೆಯೊಳಗೆ ವಿಸ್ತರಿಸಬಹುದು. ಆದರೆ ಘಾಟಿಯೊಳಗೆ ಫೋನೇ ಸಿಗದಿದ್ದರೆ ಗಾಡಿ ಎಲ್ಲಿದೆ ಅಂತ ನಮಗಾದರೂ ಹೇಗೆ ಗೊತ್ತಾಗಬೇಕು? ನಿಂತ ದಿನದ ಡ್ರೈವರ್ ಬತ್ತಾ, ಸಾಲದ ಇಎಂಐ ಲಾರಿ ಮಾಲೀಕನ ತಲೆ ಮೇಲೆ. ಗಾಡಿ ಕಾದು ನಿಂತದ್ದಕ್ಕೆ ಹಾಲ್ಟಿಂಗ್ ಚಾರ್ಜ್ ಕೇಳಿದರೆ ಮಾಲು ಕಳಿಸಿದ ಪಾರ್ಟಿಯವರು ಫೋನ್ ಎತ್ತುವುದಿಲ್ಲ.

ರೈಲಿಗೆ ಹಾಕಿ ಅನ್ನುವವರಿದ್ದಾರೆ. ಹಾಕಬಹುದು, ದೊಡ್ಡ ಲೋಡಿಗೆ ಅದೇ ಸರಿ. ಆದರೆ ಸಕಲೇಶಪುರ-ಸುಬ್ರಹ್ಮಣ್ಯ ಹಳಿಯೂ ಅದೇ ಗುಡ್ಡದಲ್ಲೇ ಹೋಗುತ್ತದೆ, 57 ಸುರಂಗ ದಾಟಿಕೊಂಡು. 2024ರಲ್ಲಿ ಎಡಕುಮೇರಿ ಹತ್ತಿರ ಮಣ್ಣು ಕುಸಿದು ರೈಲೂ ನಿಂತಿತ್ತು.

ಸುರಂಗ ರಸ್ತೆ, ನಾಲ್ಕು ಪಥ ಎಲ್ಲ ಆಗಲಿ, ಬೇಡ ಅನ್ನುವುದಿಲ್ಲ. ಅಲ್ಲಿಯವರೆಗೆ ಕಾಸು ಖರ್ಚಿಲ್ಲದ ಕೆಲಸವೊಂದಿದೆ. ಹಾಸನ, ದಕ್ಷಿಣ ಕನ್ನಡ ಎರಡೂ ಜಿಲ್ಲಾಡಳಿತಗಳು ಮಳೆಗಾಲದಲ್ಲಿ ದಿನಾ ಮಧ್ಯಾಹ್ನ ಒಂದೇ ಹೊತ್ತಿಗೆ ಘಾಟಿಯ ಸ್ಥಿತಿ ತಿಳಿಸಲಿ. ಇವತ್ತು ರಾತ್ರಿ ಭಾರೀ ಗಾಡಿ ಬಿಡುತ್ತೀರಾ, ಇಲ್ವಾ? ಅಷ್ಟು ಸಾಕು. ಎಪಿಎಂಸಿ, ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ಘಟಕ, ಬುಕಿಂಗ್ ಆಫೀಸುಗಳಿಗೆ ಒಂದು ಮೆಸೇಜ್ ಬಂದರೆ ಹಮಾಲರು ಚೀಲಕ್ಕೆ ಕೈ ಹಾಕುವ ಮೊದಲೇ ನಾವು ತೀರ್ಮಾನ ಮಾಡುತ್ತೇವೆ. ಮಾಲು ನೆನೆಯದೆ ಗೋಡೌನ್‌ನಲ್ಲೇ ಇರುತ್ತದೆ, ಲಾರಿಗೆ ಬೆಂಗಳೂರಿನ ಬಾಡಿಗೆ ಹುಡುಕುತ್ತೇವೆ.

ದಿಢೀರ್ ಕುಸಿದಾಗ ಗಾಡಿಗಳನ್ನು ಸಕಲೇಶಪುರದವರೆಗೆ ಬಿಡದೆ ಹಾಸನದಲ್ಲೇ ತಡೆಯಿರಿ. ಇಲ್ಲಿ ನಿಲ್ಲಲು ಜಾಗ ಕೊಡಿ, ಶೌಚಾಲಯ ಇರಲಿ.

ಮಳೆ ಹಿಡಿಯುವ ಮುಂಚೆ ಎರಡೂ ಜಿಲ್ಲೆಯ ಅಧಿಕಾರಿಗಳ ಒಂದು ಸಭೆ ಕರೆಯಿರಿ. ಲಾರಿಯವರನ್ನೂ ಹಮಾಲರನ್ನೂ ಕರೆಯಲು ಮರೆಯಬೇಡಿ.

ಇಂತಿ,
ಹಾಸನದ ಒಬ್ಬ ಲಾರಿ ಬುಕಿಂಗ್ ಏಜೆಂಟ್