ಸಿಮೆಂಟ್ ನಾಡಿನಲ್ಲಿ ಪುಸ್ತಕಕ್ಕೂ ಒಂದು ಪಾಲು

ಮಾನ್ಯರೇ,

ಕಂಪನಿಗಳು ಕೊಡುವ ದೊಡ್ಡ ಸಾಹಿತ್ಯ ಪ್ರಶಸ್ತಿಗಳು ನಮ್ಮ ಭಾಗದ ಬರಹಗಾರರ ತನಕ ಬರುವುದು ಕಷ್ಟ. 2018ರಲ್ಲಿ ಶುರುವಾಗಿ ಈಗ ನಿಂತಿರುವ ಜೆಸಿಬಿ ಸಾಹಿತ್ಯ ಪ್ರಶಸ್ತಿಯ ಮೊತ್ತ 25 ಲಕ್ಷ ರೂಪಾಯಿ ಇತ್ತು. ಮೊದಲ ವರ್ಷ ಅದು ಮಲಯಾಳಂ ಕಾದಂಬರಿಯ ಇಂಗ್ಲಿಷ್ ಅನುವಾದಕ್ಕೆ ಸಿಕ್ಕಿತು, ಖುಷಿಯೇ. ಆದರೆ ಅದಕ್ಕೆ ಪುಸ್ತಕ ಇಂಗ್ಲಿಷ್‌ನಲ್ಲಿರಬೇಕಿತ್ತು. ಬ್ಯಾಂಕ್ ಆಫ್ ಬರೋಡಾದ ರಾಷ್ಟ್ರಭಾಷಾ ಸಮ್ಮಾನಕ್ಕೆ ಹಿಂದಿ ಅನುವಾದ ಬೇಕು. ಅಂದರೆ ‘ಬಂದಾನ, ಹೋಗ್ಯಾನ’ ಎಂದು ಬರೆಯುವ ನಮ್ಮ ಕಥೆಗಾರ ಅನುವಾದಕ ಸಿಗುವ ತನಕ ಕಾಯಬೇಕು, ಅಲ್ವಾ?

ಸೇಡಂ, ಚಿತ್ತಾಪುರ ಕಡೆಯ ಸುಣ್ಣದಕಲ್ಲಿನಿಂದ ದೊಡ್ಡ ಸಿಮೆಂಟ್ ಕಾರ್ಖಾನೆಗಳು ನಡೆಯುತ್ತಿವೆ. ಕವಿರಾಜಮಾರ್ಗದ ಕಾಲದಲ್ಲಿ ರಾಜಧಾನಿಯಾಗಿದ್ದ ಮಳಖೇಡವೂ ಇದೇ ಸೇಡಂ ತಾಲ್ಲೂಕಿನಲ್ಲಿದೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಕಲೆ, ಸಂಸ್ಕೃತಿ, ಸಾರ್ವಜನಿಕ ಗ್ರಂಥಾಲಯ ಎಲ್ಲವೂ ಆ ಪಟ್ಟಿಯಲ್ಲಿವೆ.

ಈ ಕಾರ್ಖಾನೆಗಳು ಸೇರಿ ಕಲ್ಯಾಣ ಕರ್ನಾಟಕದ ಕನ್ನಡ ಪುಸ್ತಕಕ್ಕೆ ವರ್ಷಕ್ಕೊಂದು ಪ್ರಶಸ್ತಿ ಇಡಲಿ. ಆಯ್ಕೆಯಲ್ಲಿ ಮಾತ್ರ ಕೈ ಹಾಕದಿರಲಿ. ಸುಮ್ನೆ ಶಾಲು ಹೊದಿಸಿ ಫೋಟೊ ತೆಗೆಸಿದರೆ ಸಾಲದು. ಗೆದ್ದ ಪುಸ್ತಕದ ಪ್ರತಿಗಳನ್ನು ಕೊಂಡು ಜಿಲ್ಲೆಯ ಪ್ರತಿ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೂ ಕೊಡಲಿ.

– ಓದುಗ, ಸೇಡಂ, ಕಲಬುರಗಿ ಜಿಲ್ಲೆ